ವ್ಯಾನಕ್ಕನ ತಲೆ ತಿರುಗಿದ ವರ್ಷ

ಶಾಲೆಯ ಮಕ್ಕಳ ವ್ಯಾನನ್ನು ಹೆಂಗಸೊಬ್ಬಳು ಓಡಿಸುತ್ತಾಳೆಂದಾಗ ಮೊದಮೊದಲು ಮೂಗು ಮುರಿದವರೇ ಹೆಚ್ಚು. ವರ್ಷ ಕಳೆಯುವಷ್ಟರಲ್ಲಿ ಅದೇ ಜನ, ತಮ್ಮ ಮಕ್ಕಳಿಗೂ ಅದೇ ವ್ಯಾನಿನಲ್ಲಿ ಜಾಗ ಬೇಕೆಂದು ಮೂರನೆಯ ಮಹಡಿಯವರೆಗೆ ಮೆಟ್ಟಿಲು ಹತ್ತಿ ಬರತೊಡಗಿದರು. ಅವಳು ಬಾಗಿಲಲ್ಲೇ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತ, "ಜಾಗ ಇಲ್ಲ. ಒಂದು ಮಗು ಜಾಸ್ತಿ ಹತ್ತಿದ್ರೂ ನನ್ನ ಬ್ರೇಕಿಗೆ ಗೊತ್ತಾಗತ್ತೆ" ಎಂದು ಕಳಿಸಿಬಿಡುತ್ತಿದ್ದಳು. ಮಕ್ಕಳ ಬಾಯಲ್ಲಿ 'ವ್ಯಾನಿನ ಅಕ್ಕ' ಸವೆದು ಸವೆದು ವ್ಯಾನಕ್ಕ ಆಯಿತು. ಆಮೇಲೆ ಮಕ್ಕಳ ತಾಯಂದಿರಿಗೂ, ತರಕಾರಿಯವನಿಗೂ, ಕೊನೆಗೆ ಸ್ವಂತ ಗಂಡನಿಗೂ ಅವಳು ವ್ಯಾನಕ್ಕನೇ ಆದಳು. ಗಂಡ ಹೆಂಡತಿಯನ್ನು ಅಕ್ಕ ಅನ್ನಬಹುದೇ ಎಂದು ಯಾರಾದರೂ ಚುಡಾಯಿಸಿದರೆ ಅವನು ನಕ್ಕುಬಿಡುತ್ತಿದ್ದ.

ಮನೆಯ ಸ್ಟೀರಿಂಗೂ ಅವಳ ಕೈಯಲ್ಲೇ. ಗಂಡ ಒಂದು ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದ. ಅವನ ಪಾಲಿನ ಮಾತನ್ನೆಲ್ಲ ಆ ಯಂತ್ರವೇ ಹಗಲಿಡೀ ಆಡಿ ಮುಗಿಸುತ್ತಿತ್ತೇನೋ, ಮನೆಗೆ ಬಂದರೆ 'ಹೂಂ', 'ಊಹೂಂ' ಎರಡರಲ್ಲೇ ಸಂಸಾರ ಸಾಗಿಸುತ್ತಿದ್ದ. ಮಗಳಿಗೆ ಯಾವ ಕಾಲೇಜು, ಯಾವ ಗಂಡು, ಮನೆಗೆ ಯಾವ ಬಣ್ಣ, ನೀರಿನ ಟ್ಯಾಂಕಿಗೆ ಯಾವ ಮುಚ್ಚಳ, ಎಲ್ಲಕ್ಕೂ ವ್ಯಾನಕ್ಕನ ತಲೆಯೇ ಓಡಬೇಕು. ಓಡುತ್ತಲೂ ಇತ್ತು. ಅವಳು ಹಾಕಿದ ಲೆಕ್ಕ ತಪ್ಪಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ, ನೋಡಿದ್ದರೂ ಹೇಳಿರಲಿಲ್ಲ. "ದೇವರು ಎರಡು ಕೈ, ಒಂದು ತಲೆ ಕೊಟ್ಟ. ಅಲ್ಲಿಗೆ ಅವನ ಡ್ಯೂಟಿ ಮುಗೀತು. ಮಿಕ್ಕಿದ್ದು ನಾನು ನೋಡ್ಕೋತೀನಿ" ಎನ್ನುವುದು ಅವಳ ಮಾತು. ಇದು ಅಹಂಕಾರದ ಮಾತೆಂದು ಅವಳಿಗೆ ಅನಿಸಿರಲಿಲ್ಲ. ಕೆಲಸಗಳ್ಳತನಕ್ಕೆ ದೇವರ ಹೆಸರು ಹೇಳುವವರನ್ನು ಕಂಡು ಕಂಡು ಬಂದ ಮಾತು ಅದು.

ಅಂಥವರ ಪಟ್ಟಿಯಲ್ಲಿ ಅವಳ ಅತ್ತೆಯೇ ಮೊದಲಿಗರು. ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಮೊಣಕಾಲು ಎರಡೂ ಕೈಕೊಟ್ಟಿದ್ದವು. ಲಿಫ್ಟಿಲ್ಲದ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ, ಬೀದಿ ಕಾಣುವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಅವರು ದೇವರೊಂದಿಗೆ ಮಾತಾಡುತ್ತಿದ್ದರು. ಕೈಮುಗಿದು ಕಣ್ಣುಮುಚ್ಚಿ ಅಲ್ಲ. ಪಕ್ಕದ ಮನೆಯವರ ಜೊತೆ ಬಾಲ್ಕನಿಯಿಂದ ಬಾಲ್ಕನಿಗೆ ಮಾತಾಡುವ ಹಾಗೆ, ಗಟ್ಟಿಯಾಗಿ. "ದೇವರೇ, ಇವತ್ತು ಪಲ್ಯಕ್ಕೆ ಉಪ್ಪು ಹೆಚ್ಚು. ಯಾರ ಮೇಲೂ ದೂರು ಹೇಳ್ತಿಲ್ಲಪ್ಪ, ನಿನಗೆ ಗೊತ್ತಿರ್ಲಿ ಅಂತ ಹೇಳ್ದೆ." ಅಡುಗೆಮನೆಯಲ್ಲಿದ್ದ ವ್ಯಾನಕ್ಕ ಸೌಟು ಕುಕ್ಕುವಳು. "ದೇವರೇ, ಸೌಟು ಕುಕ್ಕಿದ್ದು ಕೇಳಿಸ್ತಾ?" ಎಂದು ಅತ್ತೆ ಮುಂದುವರಿಸುವರು.

ಹೀಗಿರುವಾಗ ಒಂದು ದಿನ ಅವಳ ಎಡಗಿವಿಯಲ್ಲಿ ಸದ್ದು ಶುರುವಾಯಿತು. ದೂರದಲ್ಲಿ ಯಾರೋ ನಲ್ಲಿ ನಿಲ್ಲಿಸದೆ ಹೋದ ಹಾಗೆ. ಸ್ನಾನ ಮಾಡುವಾಗ ನೀರು ಹೊಕ್ಕಿರಬೇಕೆಂದು ತಲೆ ಓರೆ ಮಾಡಿ ಒಂಟಿ ಕಾಲಲ್ಲಿ ಕುಣಿದಳು. ಹೋಗಲಿಲ್ಲ. ಹೋಗದಿದ್ದರೆ ಇರಲಿ, ಬಾಡಿಗೆ ಕೇಳುವುದಿಲ್ಲವಲ್ಲ ಎಂದುಕೊಂಡು ಮರೆತಳು.

ಒಂದು ಬೆಳಿಗ್ಗೆ, ಮಕ್ಕಳನ್ನೆಲ್ಲ ತುಂಬಿಕೊಂಡು ಮೇಲ್ಸೇತುವೆ ಹತ್ತುವ ತಿರುವಿಗೆ ಬಂದಾಗ, ರಸ್ತೆ ಎದ್ದಿತು. ಒಗೆದ ಹಾಸುಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಕೊಡವುತ್ತಾರಲ್ಲ, ಹಾಗೆ ಟಾರು ರಸ್ತೆ ಅವಳ ಕಣ್ಣೆದುರು ಅಲೆಯಾಗಿ ಎದ್ದು ಎಡಕ್ಕೆ ಹೊರಳತೊಡಗಿತು. ಕೈ ತನ್ನಷ್ಟಕ್ಕೆ ವ್ಯಾನನ್ನು ಪಕ್ಕಕ್ಕೆ ಎಳೆಯಿತು. ಹ್ಯಾಂಡ್‌ಬ್ರೇಕ್ ಎಳೆದದ್ದು ನೆನಪಿದೆ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದಳು. ಹಿಂದೆ ಮಕ್ಕಳ ಗಲಾಟೆ ತಟಕ್ಕನೆ ನಿಂತಿತು. ಕೊನೆಗೆ ಎಲ್ಲರಿಗಿಂತ ಚಿಕ್ಕ ಹುಡುಗಿಯ ಧ್ವನಿ ಕೇಳಿಸಿತು:

"ಅಕ್ಕಾ, ದೊಡ್ಡೋರೂ ವಾಂತಿ ಮಾಡ್ತಾರಾ?"

ಉತ್ತರ ಕೊಡಲು ತಲೆಯೆತ್ತಿದರೆ ಆ ಹುಡುಗಿಯ ಮುಖ ಅವಳ ಕಣ್ಣಿಗೆ ನಾಲ್ಕಾಗಿ ಕಂಡಿತು. ಹಿಂದಿನಿಂದ ಬಂದು ನಿಂತ ಇನ್ನೊಂದು ವ್ಯಾನಿನಿಂದ ಇಳಿದವನು ಸೋಡಾಗ್ಲಾಸು. ಅವನ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ, ಅದಕ್ಕೇ ಆ ಹೆಸರು. ಅವನೂ ಅದೇ ಶಾಲೆಗೆ ಮಕ್ಕಳನ್ನು ಬಿಡುವವನು, ಅವಳ ಕಟ್ಟಡದ ಅಂಗಳದಲ್ಲೇ ಗಾಡಿ ನಿಲ್ಲಿಸುವವನು. ಆ ಅಂಗಳದಲ್ಲಿ ನೆರಳಿರುವುದು ಒಂದೇ ಜಾಗದಲ್ಲಿ. ಆ ನೆರಳಿಗಾಗಿ ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ಅಂದು ಅವನು ಅವಳ ವ್ಯಾನಿನ ಮಕ್ಕಳನ್ನು ತನ್ನ ವ್ಯಾನಿನ ಮಕ್ಕಳ ತೊಡೆಯ ಮೇಲೆ ಕೂರಿಸಿಕೊಂಡು ಶಾಲೆ ಮುಟ್ಟಿಸಿದ. ಬಂದು, ವ್ಯಾನಿನ ಬೀಗದ ಕೈ ತೆಗೆದು ಅವಳ ಕೈಗೆ ಕೊಟ್ಟು, ಆಟೋ ಹತ್ತಿಸಿದ.

ಕಿವಿಯ ವೈದ್ಯೆ ಏನೇನೋ ಪರೀಕ್ಷೆ ಮಾಡಿಸಿ ಹೇಳಿದರು, "ನಿಮ್ಮ ಒಳಗಿವೀಲಿ ನೀರಿನ ಒತ್ತಡ ಹೆಚ್ಚಾಗಿದೆ. ಉಪ್ಪು ಕಮ್ಮಿ ಮಾಡಿ. ಮಾತ್ರೆ ಕೊಡ್ತೀನಿ. ಗಾಡಿ ಓಡಿಸ್ಬೇಡಿ."

"ಎಷ್ಟು ದಿನ?"

"ಹೇಳಕ್ಕಾಗಲ್ಲ. ವಾರಗಟ್ಟಲೆ ಬರದೇ ಇರಬಹುದು, ಒಂದೇ ದಿನ ಎರಡು ಸಲ ಬರಬಹುದು."

"ಬರೋ ಮುಂಚೆ ನನಗೆ ಗೊತ್ತಾಗಲ್ವಾ? ಗೊತ್ತಾದ್ರೆ ಗಾಡಿ ನಿಲ್ಲಿಸ್ಕೋತೀನಿ."

"ಅದೇ ತೊಂದ್ರೆ," ಎಂದರು ವೈದ್ಯೆ. "ನಿಮ್ಮ ಕಿವಿ ನಿಮ್ಮ ತಲೆಗೆ ಸುಳ್ಳು ಹೇಳ್ತಿದೆ. ತಲೆ ಅದನ್ನ ನಂಬ್ತಿದೆ. ಗೋಡೆ ತಿರುಗ್ತಿದೆ ಅನ್ಸತ್ತೆ, ಗೋಡೆ ತಿರುಗ್ತಾ ಇರಲ್ಲ. ಆ ಹೊತ್ತಲ್ಲಿ ನಿಮಗೆ ಏನನ್ಸತ್ತೋ ಅದನ್ನ ನಂಬ್ಬೇಡಿ, ಅಷ್ಟೆ."

ತನಗೆ ಅನಿಸಿದ್ದನ್ನು ನಂಬಬಾರದು! ಇಷ್ಟು ವರ್ಷ ಅದೊಂದನ್ನೇ ನಂಬಿ ಬದುಕಿದವಳಿಗೆ ಇದೆಂಥ ಔಷಧಿ ಎಂದು ಅವಳು ಮೆಟ್ಟಿಲು ಹತ್ತುವಾಗ ಗಂಡನ ಮೇಲೆ ರೇಗಿದಳು. ಗಂಡ 'ಹೂಂ' ಅಂದ.

ಹೊರಗೇ ಬದುಕಿದವಳಿಗೆ ಮನೆಯೊಳಗಿನ ಹಗಲು ಎಷ್ಟು ಉದ್ದವೆಂದು ಗೊತ್ತಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಒಬ್ಬರು ಮಾತ್ರ ನಿಲ್ಲಬಹುದಾದ ಬಾಲ್ಕನಿ. ಹಾಸಿಗೆಯಿಂದ ಬಚ್ಚಲಿಗೆ ಗೋಡೆ ತಡವುತ್ತ ಹೋಗಬೇಕು. ಬಗ್ಗಿದರೆ ನೆಲ ಎದ್ದು ಬರುತ್ತದೆ. ಕತ್ತೆತ್ತಿದರೆ ಫ್ಯಾನು ನಿಂತಿದ್ದರೂ ಸೂರು ತಿರುಗುತ್ತದೆ. ಯಾವಾಗ ಬರುತ್ತದೆಂದು ಗೊತ್ತಿಲ್ಲದ್ದರಿಂದ, ಬರದಿದ್ದ ಹೊತ್ತಿನಲ್ಲೂ ಅದನ್ನೇ ಕಾಯುತ್ತ ಕೂರಬೇಕು. ಕಳ್ಳ ಬರುವನೆಂದು ಗೊತ್ತಿದ್ದೂ ಬಾಗಿಲಿಗೆ ಚಿಲಕವಿಲ್ಲದ ಮನೆಯಂತಾಗಿತ್ತು ಅವಳ ಮೈ. ಕೆಳಗಿನ ಅಂಗಳದಲ್ಲಿ ಬೆಳಿಗ್ಗೆ ಯಾವ ಗಾಡಿ ಸ್ಟಾರ್ಟ್ ಆದರೂ ಅವಳ ಬಲಗಾಲು ಹಾಸಿಗೆಯಲ್ಲೇ ಅದುರುತ್ತಿತ್ತು.

ಕಿಟಕಿಯ ಬಳಿಯಿಂದ ಅತ್ತೆಯ ವರದಿ ಬೇರೆ. "ದೇವರೇ, ಇವಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಮಾತಾಡ್ಸಿದ್ರೆ ಕಚ್ಚಕ್ಕೆ ಬರ್ತಾಳೆ. ನೀನೇ ಮಾತಾಡ್ಸು."

"ಅತ್ತೆ, ಸ್ವಲ್ಪ ಸುಮ್ನಿರ್ತೀರಾ?"

"ನಿನ್ನ ಹತ್ರ ಅಲ್ಲಮ್ಮ ಮಾತಾಡಿದ್ದು."

ಆದರೆ ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ತಲೆ ತಿರುಗಿದರೇನು, ತಲೆ ಓಡುತ್ತದಲ್ಲ! ಸಂಬಳಕ್ಕೆ ಒಬ್ಬ ಡ್ರೈವರನ್ನು ಗೊತ್ತುಮಾಡಿದಳು. ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ಗಾಡಿ ಓಡಿಸಿದಳು. "ಈಗ ಎಲ್ಲಿದೀಯ? ಔಷಧಿ ಅಂಗಡಿ ಹತ್ರನಾ? ಅಲ್ಲಿ ಮೂರನೇ ಗೇರು ಸಾಕು. ಹಾರ್ನ್ ಯಾಕೆ ಅಷ್ಟು ಹೊಡೀತೀಯ, ನನಗಿಲ್ಲಿಗೆ ಕೇಳಿಸ್ತಿದೆ." ಡ್ರೈವರ್ ಒಂದು ಕೈಯಲ್ಲಿ ಸ್ಟೀರಿಂಗು ಇನ್ನೊಂದು ಕೈಯಲ್ಲಿ ಫೋನು ಹಿಡಿದು ಹೋಗುವುದನ್ನು ಕಂಡ ತಾಯಿಯೊಬ್ಬಳು ದೂರು ಕೊಟ್ಟಳು. ಅವನಿಗೆ ಫೋನ್ ಮಾಡುತ್ತಿದ್ದವಳು ಯಾರೆಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಅವನೇ ಬಂದು ಬೀಗದ ಕೈ ಮೇಜಿನ ಮೇಲಿಟ್ಟ. "ಅಕ್ಕಾ, ನಿಮ್ಮ ವ್ಯಾನ್‌ನಲ್ಲಿ ಇಬ್ರು ಡ್ರೈವರು. ನನಗೆ ಜಾಗ ಸಾಲ್ತಿಲ್ಲ" ಎಂದು ಹೇಳಿ ಇಳಿದು ಹೋದ. ಎರಡನೆಯವನು ಒಂದು ವಾರವೂ ನಿಲ್ಲಲಿಲ್ಲ.

ಅವನೂ ಬಿಟ್ಟುಹೋದ ಸಂಜೆ ಸೋಡಾಗ್ಲಾಸು ಮೇಲೆ ಬಂದ. ಹೊಸ್ತಿಲ ಹೊರಗೇ ನಿಂತು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತ, "ಮಕ್ಕಳನ್ನ ಸದ್ಯಕ್ಕೆ ನಾನು ಕರ್ಕೊಂಡು ಹೋಗ್ತೀನಿ. ಎರಡು ಸುತ್ತು ಹೊಡೀತೀನಿ. ನೀವು ಹುಷಾರಾದ್ಮೇಲೆ ನೋಡೋಣ" ಎಂದ.

"ಬೆಕ್ಕು ಬಂದು, ಹಾಲಿನ ಪಾತ್ರೆ ನಾನು ಕಾಯ್ತೀನಿ ಅಂದ ಹಾಗಾಯ್ತು" ಎಂದಳು ವ್ಯಾನಕ್ಕ. "ನೆರಳಿನ ಜಾಗಾನೂ ಬೇಕೇನೋ?"

ಅವನು ಕನ್ನಡಕ ಹಾಕಿಕೊಂಡು ಹೊರಟುಹೋದ. ಗಂಡ ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಮುಚ್ಚಿದ.

ತಾಯಂದಿರ ಫೋನುಗಳು ಹೆಚ್ಚತೊಡಗಿದವು. ಅವಳೋ ಬಿಸಿ ತುಪ್ಪ ಬಾಯಿಗಿಟ್ಟುಕೊಂಡವಳಂತೆ, ನುಂಗಲೂ ಆಗದೆ ಉಗುಳಲೂ ಆಗದೆ, ಎಲ್ಲರಿಗೂ "ಸೋಮವಾರ ಬರ್ತೀನಿ" ಎಂದುಬಿಟ್ಟಳು. ಆ ದಿನಗಳಲ್ಲಿ ಕಾಯಿಲೆ ಸ್ವಲ್ಪ ತಣ್ಣಗಾಗಿತ್ತು. ಹತ್ತು ದಿನದಿಂದ ಗೋಡೆಗಳು ತಮ್ಮ ಜಾಗದಲ್ಲೇ ಇದ್ದವು. ತಿರುಗುವ ಮುಂಚೆ ಕಿವಿ ತುಂಬಿಕೊಳ್ಳುತ್ತದೆ, ಅದನ್ನು ಗಮನಿಸಿಕೊಂಡರೆ ಸಾಕು, ಪಕ್ಕಕ್ಕೆ ನಿಲ್ಲಿಸಬಹುದು ಎಂದು ಅವಳೇ ಒಂದು ಸಿದ್ಧಾಂತ ಮಾಡಿಕೊಂಡಳು. ವೈದ್ಯೆಗೆ ಕಿವಿಯ ವಿಷಯ ಗೊತ್ತಿರಬಹುದು, ತನ್ನ ಕಿವಿಯ ವಿಷಯ ತನಗಲ್ಲವೇ ಗೊತ್ತಿರುವುದು?

ಭಾನುವಾರ ಮಧ್ಯಾಹ್ನ ಗಂಡ ಮಲಗಿದ್ದಾಗ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಅಂಗಳಕ್ಕೆ ಹೋದಳು. ಟೈರಿಗೆ ಒದ್ದು ನೋಡಿದಳು. ನೀರು, ಎಣ್ಣೆ ನೋಡಿದಳು. ಸೀಟುಗಳ ಕೆಳಗೆ ಮಕ್ಕಳು ತುರುಕಿದ್ದ ಪೆನ್ಸಿಲ್ ಚೂರು, ಮಿಠಾಯಿ ಕಾಗದ ತೆಗೆಯಲು ಒಳಗಿನ ದೀಪ ಹಾಕಿಕೊಂಡಳು. ಹಿಂಬಾಗಿಲಿನ ಚಿಲಕವನ್ನು ಮೂರು ಸಲ ಎಳೆದು ನೋಡಿದಳು. ಆ ವ್ಯಾನನ್ನು ಅಷ್ಟು ಜತನದಿಂದ ಅವಳು ಹೊಸದರಲ್ಲೂ ನೋಡಿರಲಿಲ್ಲ. ಮೇಲೆ ಬರುವಾಗ ಎದೆ ಹಗುರವಾಗಿತ್ತು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ತಯಾರಾಗಿ, ಬಾಗಿಲ ಬಳಿ ಬಂದಾಗ ಕತ್ತಲಲ್ಲಿ ಅತ್ತೆಯ ಧ್ವನಿ ಕೇಳಿಸಿತು. "ಹೊರಟ್ಯಾ?"

"ಹೂಂ. ತಡೀಬೇಡಿ."

"ನಾನೆಲ್ಲಿ ತಡೀಲಿ? ಎದ್ದು ನಿಲ್ಲಕ್ಕೇ ಆಗಲ್ಲ ನನಗೆ" ಎಂದರು ಅತ್ತೆ. ದೇವರಿಗೂ ಏನೂ ಹೇಳಲಿಲ್ಲ. ಅದೊಂದು ಅವಳಿಗೆ ವಿಚಿತ್ರವೆನಿಸಿತು.

ಸೀಟಿನಲ್ಲಿ ಕೂತಾಗ ಬೆನ್ನು ತನ್ನ ಹಳೆಯ ಕುಳಿ ತಾನೇ ಹುಡುಕಿಕೊಂಡಿತು. ಕೀ ತಿರುಗಿಸಿದಳು. 'ಟಿಕ್' ಎಂದಿತು. ಮತ್ತೆ ತಿರುಗಿಸಿದಳು. ಮತ್ತೆ 'ಟಿಕ್'. ಬ್ಯಾಟರಿ ಸತ್ತಿತ್ತು. ಅವಳು ತಲೆಯ ಮೇಲೆ ನೋಡಿದಳು. ನಿನ್ನೆ ಮಿಠಾಯಿ ಕಾಗದ ಹುಡುಕಲು ಹಾಕಿದ ದೀಪವನ್ನು ಆರಿಸಿರಲಿಲ್ಲ. ರಾತ್ರಿಯೆಲ್ಲ ಉರಿದು, ಈಗ ಸಾಯುವ ಮಿಣುಕಿನಂತೆ ಕೆಂಪಗೆ ಒಂದು ಗೆರೆ ಮಾತ್ರ ಉಳಿದಿತ್ತು.

ಅವಳು ಸ್ಟೀರಿಂಗನ್ನು ಗುದ್ದಿದಳು. ತನ್ನನ್ನೇ ಬೈದುಕೊಂಡಳು. ಸೋಡಾಗ್ಲಾಸಿನ ಗಾಡಿ ಆಗಲೇ ಹೋಗಿಬಿಟ್ಟಿತ್ತು, ತಳ್ಳಲು ಯಾರೂ ಇರಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಕೀ, ಮತ್ತೆ 'ಟಿಕ್'. ಬೆಳಕು ಹರಿಯಿತು. ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಮೊದಲ ಮನೆಯವರು, ಎರಡನೆಯ ಮನೆಯವರು. ಅವಳು ಎತ್ತಿ "ಐದು ನಿಮಿಷ, ಐದು ನಿಮಿಷ" ಎನ್ನುತ್ತ ಬಾನೆಟ್ ತೆರೆಯಲು ಇಳಿಯಬೇಕೆಂದು ಬಾಗಿಲಿಗೆ ಕೈ ಹಾಕಿದಳು.

ಬಾಗಿಲು ಇದ್ದಲ್ಲಿ ಇರಲಿಲ್ಲ.

ಕಿವಿ ತುಂಬಿಕೊಳ್ಳಲಿಲ್ಲ, ಸದ್ದು ಹೆಚ್ಚಲಿಲ್ಲ, ಅವಳ ಸಿದ್ಧಾಂತದ ಯಾವ ಸೂಚನೆಯೂ ಬರಲಿಲ್ಲ. ಅಂಗಳ ಒಮ್ಮೆಲೇ ಗಿರಕಿ ಹೊಡೆಯಿತು. ಕಾಂಪೌಂಡು ಗೋಡೆ, ಸೈಕಲ್ಲುಗಳು, ನೀರಿನ ಪೈಪು, ಮೇಲಿನ ಬಾಲ್ಕನಿಗಳು, ಎಲ್ಲ ಒಂದೇ ಬಣ್ಣದ ಪಟ್ಟಿಯಾಗಿ ಅವಳ ಸುತ್ತ ಓಡಿದವು. ನಿಂತ ವ್ಯಾನಿನೊಳಗೆ ಅವಳು ಎರಡೂ ಕೈಯಿಂದ ಸ್ಟೀರಿಂಗ್ ಅಪ್ಪಿ ಹಿಡಿದು, ಬ್ರೇಕನ್ನು ಸೀಟಿನಿಂದೇಳುವಷ್ಟು ಬಲವಾಗಿ ಒತ್ತಿದಳು. ನಿಲ್ಲಲಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ಸೀಟಿನ ಮೇಲೆ ಮಗ್ಗುಲಾಗಿ ಉರುಳಿದಳು. ಗೇರಿನ ಕೋಲು ಪಕ್ಕೆಗೆ ಚುಚ್ಚುತ್ತಿತ್ತು. ಸರಿದುಕೊಳ್ಳಲೂ ಆಗಲಿಲ್ಲ. ಎಲ್ಲಿ ಸರಿಯುವುದು, ಮೇಲು ಯಾವುದು, ಕೆಳಗು ಯಾವುದು?

ಆ ತಿರುಗಣಿಯ ನಡುವೆ ಒಂದೇ ಒಂದು ವಿಚಾರ ಮಾತ್ರ ನೆಟ್ಟಗೆ ನಿಂತಿತ್ತು. ಗಾಡಿ ಸ್ಟಾರ್ಟ್ ಆಗಿದ್ದರೆ ಈ ಹೊತ್ತಿಗೆ ತಾನು ಮೇಲ್ಸೇತುವೆಯ ನೆತ್ತಿಯ ಮೇಲಿರುತ್ತಿದ್ದೆ. ಒಬ್ಬಳೇ ಅಲ್ಲ. ಹಿಂದಿನ ಸೀಟುಗಳಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂರುತ್ತಾರೆಂದು ಅವಳಿಗೆ ಬಾಯಿಪಾಠವಿತ್ತು. ಒಂದೊಂದೇ ಮುಖ ಬಂತು. ಹಲ್ಲು ಬಿದ್ದವನು, ಜಡೆ ಕಚ್ಚುವವಳು, ಕಿಟಕಿಗಾಗಿ ದಿನವೂ ಜಗಳವಾಡುವ ಅಣ್ಣ ತಂಗಿ.

ಅವಳಿಗೆ ಅಳು ಬಂತು. ಇಷ್ಟೆಲ್ಲ ಲೆಕ್ಕ ಹಾಕಿದ ತಲೆ, ಟೈರಿಗೆ ಒದ್ದು ನೋಡಿದ ತಲೆ, ಚಿಲಕವನ್ನು ಮೂರು ಸಲ ಎಳೆದು ನೋಡಿದ ತಲೆ, ತನ್ನನ್ನು ನೆಟ್ಟಗೆ ಆ ಸೇತುವೆಗೇ ಕರೆದುಕೊಂಡು ಹೋಗುತ್ತಿತ್ತು. ತಡೆದದ್ದು ತಾನು ಮರೆತ ಒಂದು ದೀಪ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಜನ ಹೇಳುವುದು ಕೆಟ್ಟದ್ದಾದಾಗ. ಒಳ್ಳೆಯದಾದಾಗಲೂ ಹಾಗೇ ಆಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪ್ರಾರ್ಥನೆ ಮಾಡಬೇಕೆನಿಸಿತು. ಮಾಡಿ ಅಭ್ಯಾಸವಿರಲಿಲ್ಲ. ರೆಕ್ಸಿನ್ ಸೀಟಿಗೆ ಕೆನ್ನೆಯೊತ್ತಿಕೊಂಡು, ವಾಂತಿಯ ವಾಸನೆಯಲ್ಲಿ, "ನನಗೆ ಗೊತ್ತಾಗ್ತಿಲ್ಲ" ಎಂದಳು. ಅದು ಯಾರಿಗೂ ಅವಳು ಆ ತನಕ ಹೇಳಿರದ ಮಾತು. "ನನಗೆ ಏನೂ ಗೊತ್ತಾಗ್ತಿಲ್ಲ. ನೀನು ನೋಡ್ಕೋ."

ತಿರುಗುವುದು ನಿಲ್ಲಲಿಲ್ಲ. ಅದು ತನ್ನ ಹೊತ್ತು ಮುಗಿಸಿಯೇ ನಿಲ್ಲುವಂಥದ್ದು. ಆದರೆ ಅವಳು ಬ್ರೇಕಿನ ಮೇಲಿಂದ ಕಾಲು ತೆಗೆದಳು.

ಶಾಲೆಯಿಂದ ಮರಳಿದ ಸೋಡಾಗ್ಲಾಸು ಅವಳನ್ನು ಕಂಡದ್ದು ಹಾಗೆ. ಒದ್ದೆ ಬಟ್ಟೆಯಿಂದ ಅವಳ ಮುಖ ಒರೆಸಿದ. ಅವಳನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದ. ಮೊದಲ ಮಹಡಿ ಮುಟ್ಟುವಷ್ಟರಲ್ಲಿ ಅವನ ಕನ್ನಡಕ ಮಂಜಾಯಿತು.

"ಕಾಣ್ತಿದೆಯಾ ಮೆಟ್ಲು?" ಎಂದಳು ಅವಳು, ಕಣ್ಣು ಮುಚ್ಚಿಯೇ.

"ಇಲ್ಲ" ಎಂದ.

"ನಿಲ್ಲಿಸು ಹಾಗಾದ್ರೆ!"

"ಕಾಲಿಗೆ ಗೊತ್ತಿದೆ, ಸುಮ್ನಿರಿ."

ಎರಡನೆಯ ಮಹಡಿಯ ತಿರುವಿನಲ್ಲಿ ಅವನ ಕಿವಿಗೆ ಹೇಳಿದಳು, "ನಾಳೆಯಿಂದ ನನ್ನ ಮಕ್ಕಳನ್ನೂ ಕರ್ಕೊಂಡು ಹೋಗಪ್ಪ." ಅವನು ಏದುಸಿರಿನಲ್ಲೇ "ಆಯ್ತು" ಎಂದ. ಮಕ್ಕಳನ್ನು ಮರಳಿ ಕೊಡುತ್ತಾನೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ಕೇಳಬೇಕೆನಿಸಿತ್ತು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು.

ಬಿಟ್ಟುಕೊಟ್ಟ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಅದು ಸುಳ್ಳು. ಕೊಟ್ಟ ಮೇಲಿನ ತಿಂಗಳುಗಳೇ ಹೆಚ್ಚು ಕಷ್ಟದವಾದವು. ಮೊದಲಾದರೆ ಯೋಚನೆಗಾದರೂ ಕೆಲಸವಿತ್ತು. ಈಗ ಅದೂ ಇಲ್ಲ. ಬೆಳಗಾಗುತ್ತಿತ್ತು, ಗಂಡ ಚಹಾ ಮಾಡಿಟ್ಟು ಮುದ್ರಣಾಲಯಕ್ಕೆ ಹೋಗುತ್ತಿದ್ದ, ಬಾಗಿಲು ಮುಚ್ಚಿದ ಸದ್ದಾಗುತ್ತಿತ್ತು, ಆಮೇಲೆ ಆ ಎರಡು ಕೋಣೆಯಲ್ಲಿ ಇಬ್ಬರು ಹೆಂಗಸರು ಮಾತ್ರ. ದೇವರು ನೋಡಿಕೊಳ್ಳುತ್ತಾನೆಂದು ಹಗಲಲ್ಲಿ ನಂಬಿದ್ದು ಸಂಜೆಗೆ ಕರಗಿಹೋಗುತ್ತಿತ್ತು. ಮತ್ತೆ ಲೆಕ್ಕ ಶುರುವಾಗುತ್ತಿತ್ತು. ಮತ್ತೆ "ನನಗೆ ಗೊತ್ತಾಗ್ತಿಲ್ಲ" ಎಂದು ಮೊದಲಿಂದ ಹೇಳಬೇಕಾಗುತ್ತಿತ್ತು. ಎಡಗಿವಿ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತ ಬಂತು. ಮದುವೆಯಾಗಿ ದೂರದ ಊರಲ್ಲಿದ್ದ ಮಗಳು ಫೋನ್ ಮಾಡಿ "ಅಮ್ಮಾ, ಬಂದು ನಿನ್ನ ಕರ್ಕೊಂಡು ಹೋಗ್ಲಾ?" ಎಂದರೆ, ರೈಲಿನ ಓಲಾಟ ನೆನೆದು ಅವಳು ಬೇಡವೆನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಹಾಸಿಗೆಯಲ್ಲಿ ಬಲಕ್ಕೆ ತಿರುಗಿ ಮಲಗಿದ್ದಾಗ ಅತ್ತೆಯ ಕುರ್ಚಿ ಕಣ್ಣಿಗೆ ಬಿತ್ತು. ಕುರ್ಚಿಯ ಕೈಗಳ ಬಣ್ಣ ಹೋಗಿ ಮರ ಕಾಣುತ್ತಿತ್ತು. ಕಿಟಕಿಯ ಸರಳಿನಲ್ಲಿಯೂ ಅತ್ತೆ ಕೈಯಿಡುವ ಕಡೆ ಮಾತ್ರ ಬಣ್ಣ ಸವೆದಿತ್ತು. ವ್ಯಾನಕ್ಕ ಅದನ್ನು ಬಹಳ ಹೊತ್ತು ನೋಡಿದಳು. ತಾನು ಈ ಕೋಣೆಯಲ್ಲಿ ಸಿಕ್ಕಿಕೊಂಡು ಕೆಲವು ತಿಂಗಳಾಯಿತು. ಇವರು?

"ಅತ್ತೆ, ನೀವು ಕೆಳಗಿಳಿದು ಎಷ್ಟು ವರ್ಷ ಆಯ್ತು?"

"ನಿನ್ನ ಮಾವ ಹೋದಾಗ ಇಳಿದಿದ್ದು. ಆಮೇಲೆ ಇಲ್ಲ."

ಆರು ವರ್ಷ. ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿಳಿಯುತ್ತಿದ್ದ ಅವಳಿಗೆ ಅದು ಒಂದು ಸಲವೂ ಹೊಳೆದಿರಲಿಲ್ಲ.

"ಹೇಗಿದ್ರಿ?"

"ಹೇಗಿರೋದು? ಮೊದಲನೇ ವರ್ಷ ಅವನ ಜೊತೆ ಮಾತೇ ಬಿಟ್ಟಿದ್ದೆ" ಎಂದರು ಅತ್ತೆ, ಮೇಲಕ್ಕೆ ಬೆರಳು ತೋರಿಸಿ. "ಅಷ್ಟು ಕೋಪ. ಆಮೇಲೆ ಬೈಯಕ್ಕೆ ಶುರು ಮಾಡ್ದೆ. ಬೈದೂ ಬೈದೂ ಬಾಯಿ ನೋಯ್ತು. ನೀವೆಲ್ಲ ಹೊರಗೆ. ಮಾತಾಡಕ್ಕೆ ಅವನೊಬ್ಬನೇ ಇದ್ದಿದ್ದು. ಜಗಳ ಆಡಿಕೊಂಡು ಎಷ್ಟು ದಿನ ಇರಕ್ಕಾಗತ್ತೆ ಒಂದೇ ಕೋಣೇಲಿ?"

"ಕಾಲು ವಾಸಿ ಮಾಡು ಅಂತ ಕೇಳ್ಲಿಲ್ವಾ?"

"ಕೇಳ್ದೆ. ಮಾಡ್ಲಿಲ್ಲ. ಯಾಕೆ ಮಾಡ್ಲಿಲ್ಲ ಅಂತ ನನಗೆ ಗೊತ್ತಿಲ್ಲಮ್ಮ. ಅವನಿಗೆ ಗೊತ್ತಿರತ್ತೆ. ನನಗೆ ಗೊತ್ತಿಲ್ಲದಿದ್ರೆ ಯಾರಿಗೂ ಗೊತ್ತಿಲ್ಲ ಅಂತ ಅಂದ್ಕೊಂಡ್ರೆ ತಲೆ ಕೆಡತ್ತೆ. ಯಾರಿಗೋ ಒಬ್ಬರಿಗೆ ಗೊತ್ತಿದೆ ಅಂದ್ಕೊಂಡ್ರೆ ಒಂದು ತುತ್ತು ಅನ್ನ ಹೆಚ್ಚು ಇಳಿಯತ್ತೆ. ಆದ್ರೂ ಕೆಲವು ದಿನ ಬೇಜಾರಾಗತ್ತೆ. ಸುಳ್ಳು ಯಾಕೆ ಹೇಳ್ಲಿ."

"ಅವತ್ತು ನಾನು ಹೊರಟಾಗ ಯಾಕೆ ಏನೂ ಹೇಳ್ಲಿಲ್ಲ ಅವನಿಗೆ? ಯಾವಾಗ್ಲೂ ದೂರು ಹೇಳೋರು."

"ಅವತ್ತು ಬಾಯಿ ಬರ್ಲಿಲ್ಲ. ಭಯಕ್ಕೆ" ಎಂದರು ಅತ್ತೆ. "ಹಾಗೇ ಕುರ್ಚಿ ಕೈ ಹಿಡ್ಕೊಂಡು ಕೂತಿದ್ದೆ."

ವ್ಯಾನಕ್ಕ ಗೋಡೆ ಹಿಡಿದು ಎದ್ದು, ಹೋಗಿ, ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅತ್ತೆಯ ಮೊಣಕಾಲು ಅವಳ ಹೆಗಲಿಗೆ ತಾಗುತ್ತಿತ್ತು. ಇಬ್ಬರೂ ಬೀದಿ ನೋಡಿದರು. ಬೀದಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಬ್ಬ ಏಣಿ ಹೊತ್ತು ಹೋಗುತ್ತಿದ್ದ, ತಿರುವಿನಲ್ಲಿ ಅದು ಗೋಡೆಗೆ ಸಿಕ್ಕಿಕೊಂಡು ಹಿಂದೆ ಮುಂದೆ ಮಾಡುತ್ತಿದ್ದ. "ಎಡಕ್ಕೆ, ಎಡಕ್ಕೆ" ಎಂದು ಇಬ್ಬರೂ ಮೇಲಿಂದಲೇ ಪಿಸುಗುಟ್ಟಿದರು.

ಮಾತ್ರೆಗಳು ನಿಧಾನವಾಗಿ ಹಿಡಿದವು. ವರ್ಷ ತುಂಬುವ ಹೊತ್ತಿಗೆ ತಿರುಗುವುದು ಅಪರೂಪವಾಯಿತು. ಎಡಗಿವಿ ಪೂರ್ತಿ ಹೋಯಿತು. "ಗಾಡಿ?" ಎಂದು ಕೇಳಿದಾಗ ವೈದ್ಯೆ ತಲೆಯಾಡಿಸಿದರು. ಅವಳು ವಾದ ಮಾಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತಳು. ಗಂಡ ಪಕ್ಕದಲ್ಲಿ ಕೂತು, ಮಸಿಯ ಬೆರಳಿನಿಂದ ಅವಳ ಬೆನ್ನು ಸವರುತ್ತ, ತನ್ನ ಜೀವಮಾನದಲ್ಲೇ ಉದ್ದವಾದ ವಾಕ್ಯ ಹೇಳಿದ: "ನೀನು ಓಡಿಸದೆ ಇದ್ರೂ ನಾವು ಇಷ್ಟು ದೂರ ಬಂದ್ವಲ್ಲ."

ವ್ಯಾನನ್ನು ಮಾರುವ ಮೊದಲು ಅವಳಿಗೆ ಒಂದು ಆಸೆಯಿತ್ತು. ಒಂದು ಭಾನುವಾರ ಗಂಡ ಮತ್ತು ಸೋಡಾಗ್ಲಾಸು ಸೇರಿ ಅತ್ತೆಯನ್ನು ಕುರ್ಚಿಯ ಸಮೇತ ಕೆಳಗಿಳಿಸಿದರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನೋಡಿದರು. ಅತ್ತೆ ಸವಾರಿ ಹೊರಟ ರಾಣಿಯಂತೆ ಎಲ್ಲರನ್ನೂ ವಿಚಾರಿಸಿದರು. ಅಂಗಳದಲ್ಲಿ ಇಳಿಸಿದಾಗ ಚಪ್ಪಲಿ ಕಳಚಿ, ಬರಿಗಾಲನ್ನು ಸಿಮೆಂಟಿನ ಮೇಲಿಟ್ಟರು. ವ್ಯಾನಿನಲ್ಲಿ ಕೂರಿಸಿ, ಸೋಡಾಗ್ಲಾಸಿನ ಕೈಲಿ ಓಡಿಸಿ, ಊರು ಸುತ್ತಿಸಬೇಕೆಂದು ವ್ಯಾನಕ್ಕ ಎಲ್ಲ ಯೋಚಿಸಿಟ್ಟಿದ್ದಳು. ಯಾವ ರಸ್ತೆ, ಯಾವ ತೋಟ, ಎಲ್ಲಿ ಐಸ್‌ಕ್ರೀಮು.

"ಬೇಡಮ್ಮ" ಎಂದರು ಅತ್ತೆ. "ಬಿಸಿಲು. ಧೂಳು ಬೇರೆ. ಮೇಲಕ್ಕೆ ಕರ್ಕೊಂಡು ಹೋಗಿ."

ಸೋಡಾಗ್ಲಾಸು ಅವಳ ಮುಖ ನೋಡಿದ. ಅವಳು ನಗಲಾರಂಭಿಸಿದಳು. ಅಂಗಳದ ನಡುವೆ ನಿಂತು, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮಕ್ಕಳನ್ನು ಅವನು ಮರಳಿ ಕೊಡಲಿಲ್ಲ. ಕೊಡಲು ಅವಳ ಬಳಿ ವ್ಯಾನೂ ಇರಲಿಲ್ಲ. ಅದನ್ನೂ ಅವನೇ ಕೊಂಡ, ಅದಕ್ಕೊಬ್ಬ ಡ್ರೈವರನ್ನಿಟ್ಟ. ಹೊಸ ವರ್ಷದ ತರಗತಿಗಳು ಶುರುವಾಗುವಾಗ ಮೇಲೆ ಬಂದು, ಈ ಸಲ ಒಳಗೇ ಕೂತು, ಚಹಾ ಕುಡಿದು, ಚಿಕ್ಕ ಮಕ್ಕಳನ್ನು ಹತ್ತಿಸಿ ಇಳಿಸಲು ವ್ಯಾನಿನಲ್ಲಿ ಒಬ್ಬ ಹೆಂಗಸು ಇರಬೇಕೆಂದು ಶಾಲೆಯವರು ಹೇಳಿದ್ದಾರೆ ಎಂದ. ಅದು ನಿಜವೋ ಅವನೇ ಕಟ್ಟಿದ್ದೋ ಅವಳು ಕೆದಕಲಿಲ್ಲ. ಒಪ್ಪಿಕೊಂಡಳು.

ಈಗ ಅವಳು ಹಿಂದೆ ಮಕ್ಕಳ ನಡುವೆ ಕೂರುತ್ತಾಳೆ. ಮುಂದಿನ ಗಾಜಿನಲ್ಲಿ ರಸ್ತೆ ಪೂರ್ತಿ ಕಾಣುವುದಿಲ್ಲ, ಡ್ರೈವರನ ಕತ್ತು ಮತ್ತು ಒಂದು ತುಂಡು ಆಕಾಶ ಕಾಣುತ್ತದೆ. ಅವನು ತಿರುವಿನಲ್ಲಿ ಬ್ರೇಕು ತಡವಾಗಿ ಒತ್ತುತ್ತಾನೆ. ಅವಳ ಬಾಯಿಗೆ ಬಂದ ಮಾತು ಹತ್ತರಲ್ಲಿ ಆರು ಸಲ ಹೊರಗೆ ಬಂದುಬಿಡುತ್ತದೆ, ನಾಲ್ಕು ಸಲ ಒಳಗೇ ಉಳಿಯುತ್ತದೆ. ಕೆಲವು ಬೆಳಿಗ್ಗೆ ಕಣ್ಣು ತೆರೆದಾಗ ಗೋಡೆ ಜಾರತೊಡಗಿರುತ್ತದೆ. ಆಗ ಗಂಡ ಕೆಳಗೆ ಹೋಗಿ ಹೇಳಿಬರುತ್ತಾನೆ. ಅವಳು ಹಾಸಿಗೆಯ ಅಂಚು ಹಿಡಿದು, ಕಣ್ಣು ಮುಚ್ಚಿ, ಒಳ್ಳೆಯ ಕಿವಿಯನ್ನು ಮೇಲೆ ಮಾಡಿ ಮಲಗುತ್ತಾಳೆ. ಅಂಗಳದಲ್ಲಿ ಎಂಜಿನ್ ಸದ್ದು ಮಾಡುತ್ತದೆ, ಗೇಟು ಕಿರುಗುಡುತ್ತದೆ, ವ್ಯಾನು ಅವಳಿಲ್ಲದೆ ಬೀದಿಗಿಳಿಯುತ್ತದೆ.